ಬೆನ್ನಿನ ಇಂಜೆಕ್ಷನ್ ಬಗ್ಗೆ ರೋಗಿಗೆ ಕನ್ನಡದಲ್ಲಿ ತಿಳಿಸಿ

ಮಾನ್ಯ ಸಂಪಾದಕರೇ,

ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿಗೆ, ಬೆನ್ನಿನಲ್ಲಿ ನರದ ಹತ್ತಿರ ಕೊಡುವ ‘ನರ್ವ್ ಬ್ಲಾಕ್’ ಇಂಜೆಕ್ಷನ್ ಬಗ್ಗೆ ಬರೆಯುತ್ತಿದ್ದೇನೆ. ಈ ಚಿಕಿತ್ಸೆ ಬೇಡ ಎನ್ನುವವಳು ನಾನಲ್ಲ. ನನಗೆ ಅದರಿಂದ ಕೊನೆಗೆ ಒಳ್ಳೆಯದೇ ಆಗಿದೆ. ಆದರೆ ಮಾಡಿಸಿಕೊಳ್ಳುವವರಿಗೆ ಮೊದಲೇ ಎಲ್ಲ ಬಿಡಿಸಿ ಹೇಳಬೇಕಲ್ವಾ?

ನಾನು ರಾಣೆಬೆನ್ನೂರಿನಲ್ಲಿ ಬಟ್ಟೆ ಹೊಲಿಯುವವಳು. ಮೆಷಿನ್ ತುಳಿಯುವ ಬಲಗಾಲಿನಲ್ಲಿ ಸೊಂಟದಿಂದ ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ನೋವು. ಸೊಂಟದ ಎಲ್–4, ಎಲ್–5 ಮೂಳೆಗಳ ಮಧ್ಯದ ಡಿಸ್ಕ್ (ಮೆತ್ತೆ) ಜಾರಿ ನರ ಒತ್ತುತ್ತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂತು. ಮಾತ್ರೆ, ಫಿಸಿಯೋಥೆರಪಿ ಎರಡರಲ್ಲೂ ಬಗ್ಗದಿದ್ದಾಗ ಖಾಸಗಿ ಆಸ್ಪತ್ರೆಯೊಂದರಲ್ಲಿ ಇಂಜೆಕ್ಷನ್‌ಗೆ ಬರೆದರು.

ಬೋರಲಾಗಿ ಮಲಗಿಸಿ, ಸಿ–ಆರ್ಮ್ ಎಕ್ಸ್‌ರೇಯ ಪರದೆ ನೋಡುತ್ತಾ ಸೂಜಿ ಇಳಿಸಿದರು. ಔಷಧಿ ಹೋಗುವಾಗ ನೋವು ಅದೇ ದಾರಿ ಹಿಡಿದು ಹೆಬ್ಬೆರಳಿಗೆ ಓಡಿತು. ಆಮೇಲೆ ಕಾಲು ಹಗುರಾಯಿತು. ಸಂಜೆ ಊರಲ್ಲಿ ಬಸ್ ಇಳಿಯುವಷ್ಟರಲ್ಲಿ ನೋವು ವಾಪಸ್! ‘ದುಡ್ಡು ನೀರಿಗೆ ಹಾಕಿದ ಹಾಗಾಯ್ತು’ ಎಂದು ಮನೆಯಲ್ಲಿ ಎಲ್ಲರೂ ಪೆಚ್ಚಾದರು. ಮೊದಲೇ ಸಕ್ಕರೆ ಕಾಯಿಲೆಯವಳು, ಮರುದಿನ ನೋಡಿದರೆ ಶುಗರ್ 300 ದಾಟಿತ್ತು.

ಇದು ಹೀಗೇ ಆಗಬಹುದು ಎಂದು ನಂತರ ಹೇಳಿದವರು ನಮ್ಮೂರಿನ ಫಿಸಿಯೋಥೆರಪಿಸ್ಟ್. ಆ ಸೂಜಿಯಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಇರುತ್ತವೆ. ಮರಗಟ್ಟಿಸುವ ಔಷಧಿಯ ಪ್ರಭಾವ ಕೆಲವೇ ಗಂಟೆ. ನರದ ಸುತ್ತಲಿನ ಊತ ಇಳಿಸುವುದು ಸ್ಟೀರಾಯ್ಡ್, ಅದಕ್ಕೆ ಕೆಲವು ದಿನ ಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಸ್ಟೀರಾಯ್ಡ್ ಕೆಲವು ದಿನ ಶುಗರ್ ಏರಿಸುತ್ತದೆ. ಜಾರಿದ ಡಿಸ್ಕನ್ನು ಅದು ಜಾಗಕ್ಕೆ ಕೂರಿಸುವುದಿಲ್ಲ. ನೋವು ಕೆಲವು ವಾರ, ಕೆಲವು ತಿಂಗಳು ತಗ್ಗಿದರೆ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿ ಚೇತರಿಸಿಕೊಳ್ಳಬೇಕು. ಎಲ್ಲರಿಗೂ ಹಿಡಿಯುತ್ತದೆ ಎನ್ನುವಂತೆಯೂ ಇಲ್ಲ.

ಇಷ್ಟನ್ನು ಆಸ್ಪತ್ರೆಯಲ್ಲೇ ಹೇಳಲು ಎಷ್ಟು ಹೊತ್ತು ಬೇಕು? ನನ್ನ ಕೈಗೆ ಕೊಟ್ಟಿದ್ದು ಇಂಗ್ಲಿಷ್ ಒಪ್ಪಿಗೆ ಪತ್ರ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಸಿಕೊಂಡರು.

ನಮ್ಮ ಕಡೆ ‘ಬೆನ್ನಿಗೆ ಸೂಜಿ ಹಾಕಿಸಿದರೆ ಕಾಲು ಬಿದ್ದುಹೋಗುತ್ತೆ’ ಎಂಬ ಹೆದರಿಕೆ ಜಾಸ್ತಿ. ಇಂಥ ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಅಪರೂಪಕ್ಕೆ ಪಾರ್ಶ್ವವಾಯುವಿನಂಥ ಗಂಭೀರ ತೊಂದರೆ ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಎಚ್ಚರಿಸಿದ್ದೂ ನಿಜ. ಅಪರೂಪ ಎಂಬುದನ್ನೂ ಸೇರಿಸಿ ಹೇಳಿದರೆ ಜನ ಸುಮ್ನೆ ಹೆದರುವುದಿಲ್ಲ, ಯೋಚಿಸಿ ತೀರ್ಮಾನ ಮಾಡುತ್ತಾರೆ.

ಆದ್ದರಿಂದ ಆರೋಗ್ಯ ಇಲಾಖೆಗೆ ನನ್ನ ಮನವಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಓದು ಬಾರದವರಿಗೆ ಓದಿ ಹೇಳಲಿ. ಶುಗರ್ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದೀರಾ ಎಂದು ತಪ್ಪದೇ ಕೇಳಲಿ. ಮೂತ್ರ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಇಂಜೆಕ್ಷನ್‌ಗೆ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಅದೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಲಿ.

– ಒಬ್ಬ ಹೊಲಿಗೆ ಕೆಲಸಗಾರ್ತಿ, ರಾಣೆಬೆನ್ನೂರು