ಬಾಲ್ಕನಿಗೆ ಮೊದಲು ಬೇಸ್‌ಮೆಂಟ್ ನೋಡಿ

ಮಾನ್ಯ ಸಂಪಾದಕರೇ,

ನಗರದ ನಡುಮಧ್ಯೆ, ನೀರಿನ ದಂಡೆಯಲ್ಲಿ, ರೈಲು ಬಸ್ಸು ಕೈಗೆಟುಕುವ ಕಡೆ ಫ್ಲ್ಯಾಟ್ ನೋಡಲು ಬಂದವರು ಮೊದಲು ಹೋಗಿ ನಿಲ್ಲುವುದೇ ಬಾಲ್ಕನಿಯಲ್ಲಿ. ಅಲ್ಲಿ ಮನಸೋತ ಮೇಲೆ ಉಳಿದ ತಪಾಸಣೆಯೆಲ್ಲ ನೆಪಮಾತ್ರ. ಲಿಫ್ಟ್ ಹತ್ತುವ ಮೊದಲು ಬೇಸ್‌ಮೆಂಟಿಗೆ ಇಳಿಯಿರಿ.

ಜೋರು ಮಳೆ ಸುರಿದ ಮರುದಿನ ಹೋಗುವುದು ಒಳ್ಳೆಯದು. ಕಡಲು, ಅಳಿವೆಯ ಪಕ್ಕವಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದಲ್ಲಿ, ಉಬ್ಬರದ ಹೊತ್ತು ನೋಡಿಕೊಂಡು ಹೋಗಿ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಗೆರೆ ಮೂಡಿದ್ದರೆ, ಬಣ್ಣ ಹೊಪ್ಪಳೆ ಎದ್ದಿದ್ದರೆ ಗುರುತು ಹಾಕಿಕೊಳ್ಳಿ. ಮೊಣಕಾಲೆತ್ತರಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ. ಬೇಸ್‌ಮೆಂಟಿಗೆ ನುಗ್ಗಿದ ನೀರು ಸೇರುವ ಸಂಪಿನಲ್ಲಿ ಪಂಪ್ ಎರಡಿರಬೇಕು, ಎರಡಕ್ಕೂ ಜನರೇಟರ್ ಸಂಪರ್ಕ ಇರಬೇಕು. ಜನರೇಟರ್, ವಿದ್ಯುತ್ ಪ್ಯಾನೆಲ್ ಬೇಸ್‌ಮೆಂಟಿನಲ್ಲೇ ಇದ್ದರೆ ನೀರು ನುಗ್ಗಿದ ರಾತ್ರಿ ಪಂಪು, ಲಿಫ್ಟು, ನಲ್ಲಿ ನೀರು ಮೂರೂ ಒಟ್ಟಿಗೆ ನಿಲ್ಲುತ್ತವೆ. ಹತ್ತನೇ ಮಹಡಿಯವರಿಗೂ ಇದು ತಪ್ಪಿದ್ದಲ್ಲ.

ನೀರು ದಂಡೆ ದಾಟಿಯೇ ಬರಬೇಕೆಂದಿಲ್ಲ. ಹೊರಗಿನ ಮಟ್ಟ ಏರಿ ಚರಂಡಿಯ ಬಾಯಿ ಮುಳುಗಿದಾಗ ಅದೇ ಪೈಪಿನಲ್ಲಿ ಹಿಂದಕ್ಕೆ ಹರಿದು ನೆಲಮಹಡಿಯ ಬಚ್ಚಲಲ್ಲಿ ಉಕ್ಕುತ್ತದೆ. ನಾನ್‌ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಇದನ್ನು ತಡೆಯುತ್ತದೆ, ಆದರೆ ಅದರ ಬಾಯಿಗೆ ಒಂದು ಬಟ್ಟೆಚೂರು ಸಿಕ್ಕಿಕೊಂಡರೂ ಸಾಕು, ಮುಚ್ಚುವುದಿಲ್ಲ. ವಾಲ್ವ್ ಇದೆಯೇ ಎಂದು ಕೇಳಿದರೆ ಸಾಲದು, ಕೊನೆಯ ಸಲ ಬಿಚ್ಚಿ ತೊಳೆದದ್ದು ಯಾವಾಗ ಎಂದು ಕೇಳಿ.

ಉಪ್ಪುನೀರಿನ ಪಕ್ಕದ ಕಟ್ಟಡಕ್ಕೆ ಬೇರೆಯೇ ಕಾಯಿಲೆ. ಗಾಳಿಯಲ್ಲಿ ಬರುವ ಉಪ್ಪಿನ ಅಂಶ, ಅಂದರೆ ಕ್ಲೋರೈಡ್, ಕಾಂಕ್ರೀಟಿನೊಳಕ್ಕೆ ಇಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟ್ ಒಳಗಿನಿಂದ ಸೀಳುತ್ತದೆ. ಬಾಲ್ಕನಿಯಲ್ಲಿ ನಿಂತು ಹೊರಗೆ ನೋಡುವ ಬದಲು ತಲೆಯೆತ್ತಿ ಮೇಲಿನ ಬಾಲ್ಕನಿಯ ಅಡಿಭಾಗ ನೋಡಿ: ಕಂಬಿಯ ಸಾಲಿಗುಂಟ ನೇರ ಬಿರುಕು, ಅದರಿಂದ ಇಳಿದ ಕಂದು ಕಲೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಅದರ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದರೆ ರೋಗ ಮುಚ್ಚುತ್ತದೆ ಅಷ್ಟೇ, ವಾಸಿಯಾಗುವುದಿಲ್ಲ. ಮುಂಗಡ ಕೊಡುವ ಮೊದಲೇ ಕಾಂಕ್ರೀಟಿನ ಕ್ಲೋರೈಡ್ ಪರೀಕ್ಷೆಗೆ ಒಪ್ಪಿಗೆ ಪಡೆಯಿರಿ. ರೇಲಿಂಗ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಾಗಿರಲಿ, ಉಪ್ಪುಗಾಳಿಗೆ 304 ದರ್ಜೆಯದು ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.

ನಿಲ್ದಾಣ ಎಷ್ಟು ನಿಮಿಷ ಎಂಬುದನ್ನು ಮನೆಬಾಗಿಲಿನಿಂದ ಪ್ಲಾಟ್‌ಫಾರಂವರೆಗೆ ನಡೆದೇ ಅಳೆಯಬೇಕು. ಒಂದು ಬದಿ ನೀರಿರುವುದರಿಂದ ಹೊರಬೀಳುವ ದಾರಿಗಳು ಕಡಿಮೆ, ಇರುವ ಒಂದು ಸೇತುವೆಯಲ್ಲಿ ವಾಹನಗಳು ಕಟ್ಟಿಕೊಂಡರೆ ಇಡೀ ಬಡಾವಣೆ ನಿಂತಂತೆ. ರಾತ್ರಿ ಹನ್ನೊಂದಕ್ಕೂ ಒಮ್ಮೆ ಹೋಗಿ. ನೀರಿನ ಮೇಲಿನ ತಣ್ಣನೆ ಗಾಳಿ ಸದ್ದನ್ನು ಕೆಳಕ್ಕೆ ಬಾಗಿಸುವುದರಿಂದ ಆಚೆ ದಡದ ಸಂಗೀತ ಪಕ್ಕದ ಮನೆಯದರಂತೆ ಕೇಳಿಸುತ್ತದೆ.

ಕಾಗದಪತ್ರಗಳಲ್ಲಿ ನಿವಾಸಿಗಳ ಸಂಘದ ಮೂರು ವರ್ಷದ ನಡಾವಳಿ ಓದಿದವರಿಗೆ ಹೆಚ್ಚು ಗೊತ್ತಾಗುತ್ತದೆ. ದಂಡೆಯ ತಡೆಗೋಡೆ ಯಾರದು, ಅದು ಕುಸಿದರೆ ಕಟ್ಟಿಸುವ ಖರ್ಚು ಯಾರ ತಲೆಗೆ ಎಂಬುದು ಕ್ರಯಪತ್ರದಲ್ಲಿ ಸ್ಪಷ್ಟವಾಗಿರಬೇಕು. ಪ್ರವಾಹ ವಿಮೆಯ ಕಂತನ್ನೂ ಮೊದಲೇ ಬರೆಸಿಕೊಳ್ಳಿ.

ಈಜುಕೊಳ, ಕ್ಲಬ್‌ಹೌಸ್ ಎಲ್ಲವನ್ನೂ ಜಾಹೀರಾತಿನಲ್ಲಿ ಅಚ್ಚು ಹಾಕಿಸುವ ಬಿಲ್ಡರುಗಳು, ಈವರೆಗಿನ ಗರಿಷ್ಠ ನೆರೆಮಟ್ಟಕ್ಕಿಂತ ತಮ್ಮ ನೆಲಮಹಡಿ ಎಷ್ಟು ಎತ್ತರದಲ್ಲಿದೆ ಎಂಬ ಒಂದು ಸಂಖ್ಯೆಯನ್ನೂ ಹಾಕುವಂತೆ ನಿಮ್ಮ ಪತ್ರಿಕೆ ಪಟ್ಟು ಹಿಡಿಯಬೇಕೆಂದು ಕೋರುತ್ತೇನೆ.

– ಕಟ್ಟಡ ತಪಾಸಣೆಯ ಎಂಜಿನಿಯರ್