ಹಿರೇಬೆಣಕಲ್ ನಡಿಗೆ ಇನ್ನು ಸುತ್ತುದಾರಿಯಲ್ಲಿ: ನಮ್ಮ ಗ್ರಾಹಕರಿಗೊಂದು ಪತ್ರ

ಗದಗ

ಮಾನ್ಯರೇ,

ನಮಸ್ಕಾರಗಳು. ಈ ಅಕ್ಟೋಬರ್‌ನಿಂದ ನಮ್ಮ ಸಂಘದ ಹಿರೇಬೆಣಕಲ್ ನಡಿಗೆಯ ದಾರಿ, ಹೊರಡುವ ಹೊತ್ತು, ಊಟದ ಜಾಗ, ದರ ಎಲ್ಲವೂ ಬದಲಾಗುತ್ತಿವೆ. ಇದುವರೆಗೆ ಹತ್ತಿದ ದಾರಿಯಲ್ಲೇ ಇಳಿಯುತ್ತಿದ್ದೆವು. ಇನ್ನು ಮುಂದೆ ಒಂದು ಕಡೆಯಿಂದ ಹತ್ತಿ, ಗುಡ್ಡದ ಮೇಲಿನ ಹೊಂಡವನ್ನು ಬಳಸಿಕೊಂಡು, ಬೇರೊಂದು ಕಾಲುದಾರಿ ಹಿಡಿದು ಊರಿಗೆ ಬರುತ್ತೇವೆ. ಹೀಗಾಗಿ ನಮ್ಮ ಪಟ್ಟಿಯಲ್ಲಿ ‘ಸುಲಭ’ ಎಂದಿದ್ದ ನಡಿಗೆ ಈಗ ‘ಮಧ್ಯಮ’ವಾಗಿದೆ. ಮುಂಗಡ ಕೊಟ್ಟ ಹಲವರು ಫೋನ್ ಮಾಡಿ ಕಾರಣ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳುವುದಕ್ಕಿಂತ ಎಲ್ಲರಿಗೂ ಪೂರ್ತಿಯಾಗಿ ಬರೆಯುವುದೇ ಮೇಲು ಎನಿಸಿತು.

ಹೊಸದಾಗಿ ಸೇರಿದವರಿಗಾಗಿ ಎರಡು ಮಾತು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಈ ಗುಡ್ಡದ ಮೇಲೆ ಸುಮಾರು 400 ಕಲ್ಗೋರಿಗಳಿವೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ವಿದ್ವಾಂಸರು ಕಾಲ ಗುರುತಿಸಿದ್ದಾರೆ. ಹೋಗುವ ದಾರಿಯಲ್ಲಿ ಸಿಗುವ ನಮ್ಮ ಲಕ್ಕುಂಡಿಯ ಗುಡಿಗಳಿಗಿಂತ ಇವು ಸಾವಿರ ವರ್ಷಕ್ಕೂ ಹೆಚ್ಚು ಹಳೆಯವು. ಊರವರಿಗೆ ಇದು ಮೊರೇರ ಗುಡ್ಡ. ಗಿಡ್ಡ ಜನರು ತಮ್ಮ ಅಳತೆಗೆ ಕಟ್ಟಿಕೊಂಡ ಮನೆಗಳಿವು ಎಂಬ ಕತೆ ಈಗಲೂ ನಡೆಯುತ್ತದೆ. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಆಮೇಲೆ ಬರುವವರ ಸಂಖ್ಯೆಯೂ ಏರಿದೆ.

ಪ್ರತಿ ತಂಡದಲ್ಲೂ ‘ಕಲ್ಲಿನ ವೃತ್ತ ಎಲ್ಲಿದೆ?’ ಎಂದು ಕೇಳುವವರು ಇರುತ್ತಾರೆ. ಶಿಲಾವೃತ್ತಗಳನ್ನೇ ನೋಡಬೇಕೆಂದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಅಶೋಕನ ಶಾಸನವಿರುವ ಅದೇ ಬ್ರಹ್ಮಗಿರಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ, ಗುಂಡುಗಲ್ಲುಗಳ ವೃತ್ತದ ನಡುವೆ ನೆಲದಲ್ಲಿ ಹೂತ ಕಲ್ಲುಪೆಟ್ಟಿಗೆಯಂಥ ಗೋರಿಗಳು ಸಿಕ್ಕವು. ಅಲ್ಲಿ ಅಗೆಯಲು ಮಣ್ಣಿತ್ತು. ಹಿರೇಬೆಣಕಲ್ಲಿನ ನೆತ್ತಿಯಲ್ಲಿ ಬರೀ ಬಂಡೆ. ಹಾಗಾಗಿ ಇಲ್ಲಿ ಕಣ್ಣಿಗೆ ಬೀಳುವುದು ನೆಲದ ಮೇಲೆ ನಿಂತ ಕಲ್ಮನೆಗಳು, ಅಂದರೆ ಮನೆಯಾಕಾರದ ಗೋರಿಗಳು. ಬ್ರಹ್ಮಗಿರಿಯನ್ನೂ ಅದೇ ದಿನ ಸೇರಿಸಿ ಎಂಬ ಬೇಡಿಕೆಗೆ ನಮ್ಮ ಉತ್ತರ ಒಂದೇ: ಆಗದು. ಎರಡನ್ನೂ ಓಡೋಡಿ ನೋಡುವುದಾದರೆ ಮನೆಯಲ್ಲಿ ಕುಳಿತು ಚಿತ್ರ ನೋಡುವುದು ವಾಸಿ.

ಬದಲಾವಣೆಯ ಮುಖ್ಯ ಕಾರಣ ಈ ಕಲ್ಮನೆಗಳು ನಿಂತಿರುವ ಬಗೆಯಲ್ಲೇ ಇದೆ. ಹತ್ತಿರ ಹೋಗಿ ಕುಳಿತು ಬುಡವನ್ನು ನೋಡಿ. ಅಡಿಪಾಯವಿಲ್ಲ, ಗಾರೆಯಿಲ್ಲ. ಬೋಳು ಬಂಡೆಯ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಬುಡಕ್ಕೆ ಚೂರುಗಲ್ಲು ಒತ್ತಿದ್ದಾರೆ. ಒಂದು ಚಪ್ಪಡಿಯ ಅಂಚು ಪಕ್ಕದ್ದಕ್ಕೆ ಒರಗಿ ಅದನ್ನು ಹಿಡಿದಿರುತ್ತದೆ, ಅದು ಮತ್ತೊಂದನ್ನು. ಇವೆಲ್ಲದರ ಮೇಲೆ ಮುಚ್ಚುಗಲ್ಲು, ಒಲೆಯ ಕಲ್ಲುಗಳ ಮೇಲೆ ಹಂಚು ಕುಳಿತಂತೆ. ತನ್ನ ಭಾರದಿಂದಲೇ ಅದು ಕೆಳಗಿನವುಗಳನ್ನು ಅದುಮಿ ನಿಲ್ಲಿಸಿದೆ. ಎರಡು ಸಾವಿರ ವರ್ಷಗಳ ಗಾಳಿಮಳೆಗೆ ಈ ಏರ್ಪಾಡು ಸಾಕಾಗಿದೆ. ಫೋಟೊಕ್ಕಾಗಿ ಮೇಲೆ ಹತ್ತಿ ಕುಣಿಯುವವರಿಗೆ ಸಾಲದು. ಒಂದು ಬದಿಯ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿಯಿರುತ್ತದೆ. ಅದರೊಳಗೆ ತಲೆ ತೂರಿಸಿ ಸೆಲ್ಫಿ ತೆಗೆಯುವವರು ಕೈ ಊರುವುದು ಆ ಕಿಂಡಿಯ ಅಂಚಿನ ಮೇಲೆಯೇ. ಕಲ್ಲು ತೀರಾ ತೆಳುವಾಗಿ ಉಳಿದಿರುವುದೂ ಅಲ್ಲಿಯೇ.

ಬಂದವರು ಬಂದ ದಾರಿಯಲ್ಲೇ ಇಳಿಯುವಾಗ ಇನ್ನೊಂದು ತೊಂದರೆ. ದೊಡ್ಡ ಬಂಡೆಗಳ ಸಂದಿನಲ್ಲಿ ಎದುರು ಬರುವ ತಂಡಕ್ಕೆ ದಾರಿ ಬಿಡಬೇಕಾಗುತ್ತದೆ. ಬಿಡುವವರು ಪಕ್ಕಕ್ಕೆ ಸರಿದು ನಿಲ್ಲುವುದು, ಕುಳಿತುಕೊಳ್ಳುವುದು ಬಿದ್ದ ಚಪ್ಪಡಿಗಳ ಮೇಲೆ. ಬಿದ್ದಿದ್ದರೂ ಅವು ಸಮಾಧಿಯ ಕಲ್ಲುಗಳೇ, ಬೆಂಚುಗಳಲ್ಲ. ಸುತ್ತುದಾರಿಯಲ್ಲಿ ಈ ಎದುರುಬದುರಿನ ತಾಪತ್ರಯವಿಲ್ಲ.

ನನ್ನನ್ನು ಕೇಳಿದರೆ ಸುತ್ತುದಾರಿಯ ನಿಜವಾದ ಲಾಭ ಬೇರೆ. ಮೊದಲು ಕೆಂಪು ಬಣ್ಣದ ಚಿತ್ರಗಳಿರುವ ಕಲ್ಲಾಸರೆಗಳು ಸಿಗುತ್ತವೆ. ಅಲ್ಲಿಂದ ಮೇಲೆ ಹೊಂಡ. ಕಲ್ಗೋರಿಗಳ ಚಪ್ಪಡಿಗಳನ್ನು ಎಬ್ಬಿಸಿದ್ದು ಇಲ್ಲಿಂದಲೇ ಎಂದು ಬಲ್ಲವರು ಹೇಳುತ್ತಾರೆ. ಈ ಸೀಮೆಯ ಗ್ರಾನೈಟು ಹಗಲಿನ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಬಿಟ್ಟ ಪದರವನ್ನು ಎಬ್ಬಿಸಿ ಬೇಕಾದ ಅಳತೆಗೆ ಒಡೆದುಕೊಂಡರೆ ಗೋಡೆ ಸಿದ್ಧ. ಹೊಂಡದ ದಂಡೆಯಲ್ಲಿ ನಿಂತು ಇದನ್ನು ನೋಡಿಕೊಂಡು ಪಶ್ಚಿಮದ ದೊಡ್ಡ ಗುಂಪಿಗೆ ಹೋದರೆ, ಇಷ್ಟು ಭಾರದ ಕಲ್ಲುಗಳನ್ನು ಯಾವ ದೈತ್ಯರು ಹೊತ್ತರೋ ಎಂಬ ಬೆರಗು ಹೋಗಿ, ಕೆಲಸ ಬಲ್ಲ ಕೈಗಳ ಬಗ್ಗೆ ಗೌರವ ಹುಟ್ಟುತ್ತದೆ. ಹಳೆಯ ದಾರಿಯಲ್ಲಿ ಮೊದಲು ಗೋರಿ, ಆಮೇಲೆ ಸುಸ್ತು. ಹೊಂಡದವರೆಗೆ ಬರುತ್ತಿದ್ದವರು ಕೆಲವರೇ. ಧಾರವಾಡದವರು ಬರುವ ಮುನ್ನ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೊಮ್ಮೆ ಹೋಗಿಬನ್ನಿ. ಉತ್ತರ ಕರ್ನಾಟಕದ ಕಲ್ಗೋರಿಗಳನ್ನು ಊರೂರು ತಿರುಗಿ ದಾಖಲಿಸಿದ ಡಾ. ಅ. ಸುಂದರ ಅವರು ಕರ್ನಾಟಕ ವಿಶ್ವವಿದ್ಯಾಲಯದವರೇ ಎಂಬುದು ನಿಮ್ಮ ಊರಿನ ಹೆಮ್ಮೆ.

ಇನ್ನು ನಗಾರಿ. ಸುಮಾರು ಹತ್ತು ಮೀಟರ್ ಎತ್ತರದ ಬಂಡೆಯ ತಲೆಯ ಮೇಲೆ ಅರೆಗೋಳದಂತೆ ಕುಳಿತ ಆ ಕಲ್ಲನ್ನು ಬಾರಿಸಿದರೆ ಒಂದು ಕಿಲೊಮೀಟರ್ ಆಚೆಗೂ ಕೇಳಿಸುತ್ತದೆ ಎನ್ನುತ್ತಾರೆ. ಕೇಳಿಸಲಿ, ನಾವು ಬಾರಿಸುವುದಿಲ್ಲ. ಅದನ್ನು ಬಾರಿಸಲು ಎತ್ತಿಕೊಂಡ ಕಲ್ಲೇ ಅದನ್ನು ಸವೆಸುತ್ತದೆ, ಹತ್ತುವಾಗ ಜಾರಿದರೆ ಕೈಕಾಲು ಉಳಿಯುವುದಿಲ್ಲ. ಈ ಗುಡ್ಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಗುಡ್ಡದ ಮೇಲೆ ಬುತ್ತಿ ಬಿಚ್ಚುವ ಪದ್ಧತಿಯನ್ನೂ ನಿಲ್ಲಿಸಿದ್ದೇವೆ. ಇದಕ್ಕೆ ಬಂದಷ್ಟು ಆಕ್ಷೇಪ ದರ ಏರಿಕೆಗೂ ಬಂದಿಲ್ಲ! ಗೋರಿಗಳ ನೆರಳಿನಲ್ಲಿ ಕುಳಿತು ಉಣ್ಣುವ ಸೊಗಸು ನಮಗೂ ಗೊತ್ತು. ಆದರೆ ಚೆಲ್ಲಿದ ಅನ್ನಕ್ಕೆ ಮಂಗಗಳು ಬರುತ್ತವೆ, ಮಂಗಗಳು ಬಂದ ಮೇಲೆ ಬ್ಯಾಗು ಹಿಡಿದು ಜನ ಎಲ್ಲೆಂದರಲ್ಲಿ ಓಡುತ್ತಾರೆ. ಇನ್ನು ಊಟ ಕೆಳಗೆ ಊರಿನಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಮೊಸರು. ಅಡುಗೆ ಊರಿನ ಹೆಣ್ಣುಮಕ್ಕಳದ್ದು, ದುಡ್ಡೂ ಅವರ ಕೈಗೇ. ಮೇಲೆ ಬೇಕಿದ್ದರೆ ಬಾಳೆಹಣ್ಣು ತಿನ್ನಿ, ಸಿಪ್ಪೆ ಚೀಲಕ್ಕೆ.

ಗದಗಿನಿಂದ ಬೆಳಗಿನ ಐದಕ್ಕೆ ಹೊರಡುತ್ತೇವೆ. ಹುಬ್ಬಳ್ಳಿಯವರು ಹಿಂದಿನ ರಾತ್ರಿಯೇ ಬಂದರೆ ಒಳ್ಳೆಯದು. ಏಳರ ಹೊತ್ತಿಗೆ ನಡಿಗೆ ಶುರುವಾದರೆ ಬಂಡೆ ಕಾಯುವ ಮೊದಲೇ ಇಳಿದಿರಬಹುದು. ಸಂಜೆಯ ತಂಡ ಇನ್ನಿಲ್ಲ. ಆ ಕುರುಚಲು ಕಾಡಿನಲ್ಲಿ ಕರಡಿ, ಚಿರತೆಗಳ ಓಡಾಟವಿದೆ. ಮಾರ್ಚ್‌ನಿಂದ ಮಳೆಗಾಲ ಮುಗಿಯುವವರೆಗೆ ನಡಿಗೆ ಬಂದ್.

‘ಮಧ್ಯಮ’ ಎಂದರೆ ಏನು ಎಂದು ಕೇಳಿದವರಿಗೆ: ಭೀಷ್ಮಕೆರೆ ಅಥವಾ ಉಣಕಲ್ ಕೆರೆಯ ದಂಡೆಯ ಬೆಳಗಿನ ನಡಿಗೆಯಷ್ಟೇ ರೂಢಿಯಿದ್ದರೆ ಸಾಲದು. ಎರಡು ಮೂರು ಕಡೆ ಕೈ ಊರಿ ಬಂಡೆ ಹತ್ತಬೇಕು. ಇಳಿಯುವ ಹೊಸ ದಾರಿಯಲ್ಲಿ ಸಡಿಲು ಕಲ್ಲುಗಳಿದ್ದು ಮೊಣಕಾಲಿಗೆ ಕೆಲಸ ಹೆಚ್ಚು. ಕಪ್ಪತಗುಡ್ಡ ಹತ್ತಿಳಿದವರು ಚಿಂತಿಸಬೇಕಿಲ್ಲ. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಬೇಕು. ತಲೆಗೆ ಒಂದು ವಸ್ತ್ರ, ಒಬ್ಬರಿಗೆ ಎರಡು ಲೀಟರ್ ನೀರು.

ದರ ರೂ. 850ರಿಂದ ರೂ. 1,100 ಆಗಿದೆ. ದೊಡ್ಡ ಬಸ್ ಬಿಟ್ಟು ಟೆಂಪೊ ಟ್ರಾವೆಲರ್ ಮಾಡಿದ್ದೇವೆ, ತಂಡಕ್ಕೆ 12 ಜನರಷ್ಟೇ. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ವಿವರಣೆ ಕೇಳಿಸುವುದಿಲ್ಲ, ಕೇಳಿಸದವರು ತಾವೇ ಹೊಸ ದಾರಿ ಹುಡುಕುತ್ತಾರೆ. ಷೇರುದಾರ ಸದಸ್ಯರಿಗೆ ಎಂದಿನಂತೆ ರೂ. 100 ಕಡಿಮೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ, ದಾರಿ ಮಾತ್ರ ಹೊಸದು. ಬೇಡವೆನ್ನುವವರು ಸೆಪ್ಟೆಂಬರ್ ಮುಗಿಯುವುದರೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸು. ಮೊಣಕಾಲಿನ ಕಾರಣಕ್ಕೆ ಬಿಡುವ ಹಿರಿಯರಿಗೆ ಅದೇ ಹಣದಲ್ಲಿ ಲಕ್ಕುಂಡಿಯ ಗುಡಿ, ಬಾವಿಗಳ ನಡಿಗೆಯಲ್ಲಿ ಜಾಗ ಕೊಡುತ್ತೇವೆ. ಅಲ್ಲಿ ಹತ್ತುವುದೇನೂ ಇಲ್ಲ, ಬಾವಿಯ ಮೆಟ್ಟಿಲುಗಳನ್ನು ಬಿಟ್ಟರೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ನಡಿಗೆ ಸಹಕಾರಿ ಸಂಘದ ಪರವಾಗಿ