ನಿಮಿಷದ ಅಂಕಣ ಖಾಲಿ ಬಿಡಬೇಡ

ಮೈಸೂರು
ಭಾನುವಾರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಮನೆಯ ಸಮಾಚಾರವೆಲ್ಲ ಫೋನಿನಲ್ಲೇ ನಿನಗೆ ತಲುಪಿರುತ್ತದೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಕೊನೆಯಲ್ಲಿದ್ದ ಒಂದು ಸಾಲು ಮಾತ್ರ ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ‘ಇಷ್ಟು ನಡೆದರೂ ತೂಕ ಅಲ್ಲಾಡುತ್ತಿಲ್ಲ ಅತ್ತೆ, ಹಾಗಾದರೆ ನನ್ನದೂ ಅಪ್ಪನ ಮೈಯೇ ಅಲ್ಲವೇ? ಗುರುವಾರದ ಗುಂಪಿಗೆ ಹೋಗುವುದನ್ನೇ ನಿಲ್ಲಿಸಿಬಿಡಲೇ?’

ಅಪ್ಪನ ಹಾಗೆ ನಿನಗೂ ಸಕ್ಕರೆ ಕಾಯಿಲೆ ಬಾರದಿರಲೆಂದು ಸೇರಿದ ಗುಂಪು ಅದು, ನಿಲ್ಲಿಸಬೇಡ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನೀನು ಕಳಿಸಿದ ಪುಟದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ತೂಕದ ಅಂಕಣ ಒಂದು ದಿನವೂ ತಪ್ಪದೆ ತುಂಬಿದೆ: 154 ಪೌಂಡ್, 154.4, 153.8, ಮತ್ತೆ 154. ಪಕ್ಕದಲ್ಲಿ, ನಡೆದ ನಿಮಿಷದ ಅಂಕಣದಲ್ಲಿ, ಎಂಟನೇ ವಾರದವರೆಗೂ 30, 30, 40, 30, 25 ಎಂದು ಚೆಂದವಾಗಿ ಬರೆದಿದ್ದೀಯ. ಒಂಬತ್ತನೇ ವಾರದಲ್ಲಿ ಎರಡೇ ದಿನ. ಹತ್ತನೇ ವಾರ ಪೂರ್ತಿ ಖಾಲಿ. ತೂಕ ನಿಂತಿದ್ದಕ್ಕಿಂತ ಆ ಖಾಲಿ ಜಾಗ ನೋಡಿ ನನಗೆ ಹೆಚ್ಚು ಕಳವಳವಾಯಿತು. ನಿಮಿಷ ಬರೆಯುವುದನ್ನು ಬಿಟ್ಟವರು ಎರಡು ಮೂರು ವಾರದಲ್ಲಿ ನಡೆಯುವುದನ್ನೂ ಬಿಡುತ್ತಾರೆ. ಆಮೇಲೆ ಗುಂಪಿಗೆ ಹೋಗಲು ನಾಚಿಕೆಯಾಗುತ್ತದೆ.

ತೂಕ ಯಾಕೆ ನಿಂತಿತು ಅಂತ ಕೇಳಿದ್ದೀಯ. ಬೇಜಾರು ಮಾಡಿಕೊಳ್ಳಬೇಡ, ಲೆಕ್ಕ ಹೀಗಿದೆ. ಎಪ್ಪತ್ತು ಕಿಲೋ ತೂಕದವರು ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ, ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದು, ಹೆಚ್ಚಿಗೆ ಖರ್ಚಾಗುವುದು 90 ಕ್ಯಾಲೊರಿಯ ಆಸುಪಾಸು. ಎರಡು ಸಣ್ಣ ಚಮಚ ತುಪ್ಪದಷ್ಟು. ವಾರಕ್ಕೆ 150 ನಿಮಿಷ ಅಂದರೆ 450. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಇರುತ್ತದೆ. ಹನ್ನೆರಡು ವಾರ ಒಂದು ದಿನವೂ ತಪ್ಪದೆ ನಡೆದರೂ ಬರೀ ನಡಿಗೆಯಿಂದ ಇಳಿಯುವುದು ಮುಕ್ಕಾಲು ಕಿಲೋಗಿಂತ ಕಡಿಮೆ. ನಡೆದು ಬಂದ ಹಸಿವಿಗೆ ಒಂದು ಹಿಡಿ ಕಡಲೆಕಾಯಿ ಬೀಜ ಬಾಯಿಗೆ ಹಾಕಿಕೊಂಡರೆ, ಮೂವತ್ತು ಗ್ರಾಂ ಅಂದುಕೊ, 170 ಕ್ಯಾಲೊರಿ ವಾಪಸ್ಸು ಬಂತು. ಹಾಗಾಗಿ ಮೊದಲ ತಿಂಗಳುಗಳಲ್ಲಿ ತೂಕ ಇಳಿಸುವುದು ಹೆಚ್ಚುಕಡಿಮೆ ತಟ್ಟೆಯ ಕೆಲಸವೇ. ಗುಂಪಿನಲ್ಲಿ ಇದನ್ನು ಯಾರೂ ಮೊದಲ ದಿನವೇ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಜನ ನಡೆಯುವುದಿಲ್ಲವೇನೋ ಎಂಬ ಅಂಜಿಕೆ ಇರಬಹುದು. ಹೇಳದೆ ಇದ್ದುದರಿಂದಲೇ ನಿನ್ನಂಥವರು ನಡೆದೂ ನಡೆದೂ, ಕೊನೆಗೆ ಮೈಯಲ್ಲೇ ದೋಷವಿದೆ ಅಂತ ನಂಬಿಬಿಡುತ್ತಾರೆ.

ಇನ್ನೊಂದು ವಿಷಯವೂ ಇದೆ. ಹೊಸದಾಗಿ ವ್ಯಾಯಾಮ ಶುರುಮಾಡಿದಾಗ ಸ್ನಾಯುಗಳು ಗ್ಲೈಕೊಜನ್, ಅಂದರೆ ಸಕ್ಕರೆಯ ದಾಸ್ತಾನು, ಕೂಡಿಟ್ಟುಕೊಳ್ಳುತ್ತವೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ನಿಲ್ಲುತ್ತದೆ. ಸ್ನಾಯು ನೊಂದಿದ್ದರೆ ಅಲ್ಲೂ ನೀರು, ಮುಟ್ಟಿನ ಹಿಂದಿನ ವಾರ ಇನ್ನಷ್ಟು. ಒಳಗೆ ಕೊಬ್ಬು ಕರಗುತ್ತಿದ್ದರೂ ತಕ್ಕಡಿಯ ಅಂಕಿ ಎರಡು ಮೂರು ವಾರ ಅಲ್ಲಾಡದೆ ಇರಬಹುದು. ಆದರೆ ನಿನ್ನದು ಐದು ವಾರವಾಯಿತು, ಎಲ್ಲವನ್ನೂ ನೀರಿನ ಮೇಲೆ ಹಾಕುವುದು ಸರಿಯಲ್ಲ. ಸಂಜೆ ಐದರಿಂದ ಏಳರವರೆಗೆ ಏನೇನು ತಿನ್ನುತ್ತೀಯ ಅಂತ ಒಂದು ವಾರ ಬರೆದು ನೋಡು, ಆಗುತ್ತಾ?

ಹಾಗಾದರೆ ನಡೆಯುವುದು ಯಾತಕ್ಕೆ? ನಿನ್ನ ಭಯಕ್ಕೆ ಉತ್ತರ ಇರುವುದು ಇಲ್ಲೇ, ಗಮನವಿಟ್ಟು ಓದು.

ನೀವು ಗುರುವಾರ ಮಾಡುತ್ತಿರುವ ಪಾಠಗಳ ಮೂಲ ನಿಮ್ಮ ಅಮೆರಿಕದ್ದೇ ‘ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ’. 1996ರಲ್ಲಿ ಶುರುವಾದದ್ದು, 27 ಕೇಂದ್ರಗಳು, 3,234 ಜನ. ಎಲ್ಲರೂ ನಿನ್ನ ಹಾಗೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರು. ಗುರಿ ಎರಡೇ: ತೂಕದಲ್ಲಿ ನೂರಕ್ಕೆ 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. ಫಲ ಎಷ್ಟು ಸ್ಪಷ್ಟವಾಗಿತ್ತೆಂದರೆ ಒಂದು ವರ್ಷ ಮೊದಲೇ, 2001ರಲ್ಲಿ, ಪ್ರಯೋಗ ನಿಲ್ಲಿಸಿದರು. ಹುಸಿ ಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆ ಶೇ. 31ರಷ್ಟು ಕಡಿಮೆ, ಊಟ ನಡಿಗೆ ತಿದ್ದಿಕೊಂಡವರಲ್ಲಿ ಶೇ. 58ರಷ್ಟು ಕಡಿಮೆ. ಇದು ನಿನಗೂ ಗೊತ್ತಿರಬಹುದು. ಗೊತ್ತಿರಲಾರದ್ದು ಮುಂದಿನದು. ಒಂದು ವರ್ಷವಾದರೂ ತೂಕದ ಗುರಿ ಮುಟ್ಟದೆ ಹೋದವರನ್ನಷ್ಟೇ ಬೇರೆ ಮಾಡಿ ನೋಡಿದರು, 495 ಜನ. ಅವರಲ್ಲಿ 150 ನಿಮಿಷದ ಗುರಿ ಮುಟ್ಟಿದವರಿಗೆ ಸಕ್ಕರೆ ಕಾಯಿಲೆ ಬಂದದ್ದು ಮುಟ್ಟದವರಿಗಿಂತ ಶೇ. 44ರಷ್ಟು ಕಡಿಮೆ. ಬಿಡದೆ ನಡೆದವರು ಬೇರೆ ವಿಷಯಗಳಲ್ಲೂ ಶಿಸ್ತಿನವರೇ ಇದ್ದಿರಬಹುದು, ಅದನ್ನು ಕಳೆದೇ ಲೆಕ್ಕ ಹಾಕು. ಆದರೂ ತೂಕ ಇಳಿಯಲಿಲ್ಲ ಅಂದಮಾತ್ರಕ್ಕೆ ಅವರ ನಡಿಗೆ ದಂಡವಾಗಲಿಲ್ಲ.

ಚೆನ್ನೈಯಲ್ಲಿ ನಮ್ಮವರ ಮೇಲೆ ನಡೆದದ್ದೂ ಇದನ್ನೇ ಹೇಳುತ್ತದೆ. 531 ಜನರ ಆ ಅಧ್ಯಯನ 2006ರಲ್ಲಿ ಹೊರಬಂತು. ದಿನಕ್ಕೆ ಅರ್ಧ ಗಂಟೆ ನಡಿಗೆ, ಊಟದಲ್ಲಿ ತಿದ್ದುಪಡಿ. ಕಾಯಿಲೆಯ ಅಪಾಯ ಶೇ. 28.5 ತಗ್ಗಿತು. ಅವರ ಸರಾಸರಿ ತೂಕ ಮಾತ್ರ ಇಳಿದಿರಲೇ ಇಲ್ಲ.

ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನಡಿಗೆ ನಿಲ್ಲಿಸಿದ ಮೇಲೂ ಒಂದು ದಿನ, ಕೆಲವೊಮ್ಮೆ ಎರಡು ದಿನ, ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು ಅನ್ನುವುದು ಅದಕ್ಕೇ. ಈ ಕೆಲಸ ತಕ್ಕಡಿಗೆ ಕಾಣುವುದಿಲ್ಲ.

ನಿನ್ನ ಅಪ್ಪನಿಗೆ, ನನ್ನ ಅಣ್ಣನಿಗೆ, ನಾನು ಇದನ್ನು ಹೇಳಲಿಲ್ಲ. ತೂಕ ಇಳಿಸು, ತೂಕ ಇಳಿಸು ಅಂತ ಮಾತ್ರ ಹೇಳಿದೆ. ಇಳಿಯಲಿಲ್ಲ, ಅವನು ನಡೆಯುವುದನ್ನೂ ಬಿಟ್ಟ. ಊಟವಾದ ಮೇಲೆ ಹತ್ತು ನಿಮಿಷ ಅಂಗಳದಲ್ಲಿ ಓಡಾಡು, ತೂಕ ಏನಾದರೂ ಆಗಲಿ ಅಂತ ಹೇಳಿದ್ದರೆ ಓಡಾಡುತ್ತಿದ್ದನೋ ಏನೋ. ಫಿಸಿಯೋಥೆರಪಿಯನ್ನೇ ಉದ್ಯೋಗ ಮಾಡಿಕೊಂಡಿದ್ದ ತಂಗಿ ಹೇಳಬೇಕಾದ ಮಾತು ಅದು. ನಿನ್ನ ಸಾಲು ಓದಿದಾಗಿನಿಂದ ಇದೇ ಕೊರೆಯುತ್ತಿದೆ. ಇರಲಿ.

ಅಪ್ಪನ ಮೈ ಅಂದೆಯಲ್ಲ. ಕಾಯಿಲೆಯ ಕಡೆಗೆ ವಾಲುವ ಗುಣ ವಂಶದಲ್ಲಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಅದೇ ಅಮೆರಿಕದ ಪ್ರಯೋಗದಲ್ಲಿ ಟಿಸಿಎಫ್7ಎಲ್2 ಎಂಬ ಜೀನನ್ನು ಪರೀಕ್ಷಿಸಿದ್ದರು. ಅದರ ಅಪಾಯದ ರೂಪ ತಂದೆ ತಾಯಿ ಇಬ್ಬರಿಂದಲೂ ಬಂದವರಲ್ಲಿ, ಹುಸಿ ಮಾತ್ರೆಯ ಗುಂಪಿನವರಿಗೆ ಕಾಯಿಲೆ ಎದ್ದುಕಾಣುವಷ್ಟು ಹೆಚ್ಚು ಬಂತು. ಊಟ ನಡಿಗೆ ತಿದ್ದಿಕೊಂಡ ಗುಂಪಿನಲ್ಲಿ ಆ ವ್ಯತ್ಯಾಸ ಬಹುಪಾಲು ಅಳಿಸಿಹೋಗಿತ್ತು. ಅಪ್ಪನ ಮೈಯೇ ಬಂದಿದ್ದರೂ, ಪುಟ್ಟಿ, ಅಪ್ಪನ ದಾರಿಯೇ ಬರಬೇಕೆಂದಿಲ್ಲ.

ಇನ್ನು ಗುಂಪಿನ ಮಾತು. ಪಕ್ಕದಲ್ಲಿ ಕೂರುವವರು 9 ಪೌಂಡ್ ಇಳಿಸಿದರು, ನಾನು 4 ಅಂತ ಬರೆದಿದ್ದೀಯ. ಅವರ ಮೊದಲ ತೂಕ 240 ಅಂದೆ. ಒಂಬತ್ತು ಅಂದರೆ ನೂರಕ್ಕೆ 4 ಕೂಡ ಆಗಲಿಲ್ಲ. ನೀನು 158ರಲ್ಲಿ 4 ಇಳಿಸಿದ್ದೀಯ, ನೂರಕ್ಕೆ ಎರಡೂವರೆ. ಅಂತರ ಅಷ್ಟೇ. ಪೌಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಇಂಥ ಗುಂಪುಗಳಲ್ಲಿ ಎಲ್ಲರೂ ಮಾಡುವ ತಪ್ಪು, ಸಣ್ಣ ಮೈಯವರು ಅದರಿಂದಲೇ ಸೋತುಹೋಗುತ್ತಾರೆ. ನಿಮ್ಮ ತರಗತಿಗೆ ಮಾನ್ಯತೆ ಕೊಡುವ ಸಿಡಿಸಿಯ, ಅಂದರೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ, ನಿಯಮವನ್ನೂ ನೋಡು. ಹಿಂದೆ ಅವರು ನೂರಕ್ಕೆ 5 ತೂಕ ಇಳಿದಿದೆಯೇ ಎಂದಷ್ಟೇ ನೋಡುತ್ತಿದ್ದರು. 2021ರಿಂದ, ನೂರಕ್ಕೆ 4 ಇಳಿದು ವಾರಕ್ಕೆ ಸರಾಸರಿ 150 ನಿಮಿಷ ಇದ್ದರೂ ಸರಿ, ಮೂರು ತಿಂಗಳ ಸಕ್ಕರೆಯ ಪರೀಕ್ಷೆ ಎಚ್‌ಬಿಎ1ಸಿ 0.2 ಇಳಿದರೂ ಸರಿ. ನಿನಗೆ ನೂರಕ್ಕೆ 4 ಅಂದರೆ ಆರು ಪೌಂಡ್ ಮತ್ತು ಚೂರು. ಇನ್ನು ಎರಡೂ ಚಿಲ್ಲರೆ ಉಳಿದಿದೆ. ಆದರೆ ನಿಮಿಷ ಬರೆಯದಿದ್ದರೆ ಸರಾಸರಿ ಎಲ್ಲಿಂದ ತರುತ್ತಾರೆ?

ಗುಂಪಿನಲ್ಲಿ ತೂಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಹೇಳುತ್ತಾರಾ? ಹಾಗಿದ್ದರೆ ನಿಮ್ಮ ಕೋಚ್ ಹತ್ತಿರ ‘ನನ್ನ ತೂಕವನ್ನು ಪಕ್ಕದಲ್ಲಿ ಬರೆದುಕೊಳ್ಳಿ, ನಿಮಿಷವನ್ನು ಬೇಕಾದರೆ ಎಲ್ಲರಿಗೂ ಹೇಳಿ’ ಅಂತ ಕೇಳಿಕೊ. ತೂಕ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ, ನಿಮಿಷ ಇದೆ. ಆ ಅಮೆರಿಕದ ಪ್ರಯೋಗದಲ್ಲೂ ಆರು ತಿಂಗಳಿಗೆ ತೂಕದ ಗುರಿ ಮುಟ್ಟಿದವರು ಅರ್ಧ ಜನ, ನಿಮಿಷದ ಗುರಿ ಮುಟ್ಟಿದವರು ಶೇ. 74. ಕೊನೆಯ ಭೇಟಿಯ ಹೊತ್ತಿಗೆ ತೂಕದ ಗುರಿಯಲ್ಲಿ ಉಳಿದವರು ಶೇ. 38, ನಿಮಿಷದ ಗುರಿಯಲ್ಲಿ ಉಳಿದವರು ಶೇ. 58.

ಎಲ್ಲರೂ ಸೇರಿದ ದಿನ ಮಾತ್ರ ವ್ಯಾಯಾಮ ಮಾಡುವವರೂ ಇರುತ್ತಾರೆ. ಅದು ಬಹಳ ದಿನ ಉಳಿಯುವುದಿಲ್ಲ. 1997ರಲ್ಲಿ ಹೆಂಗಸರನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಗುಂಪಿನಲ್ಲಿ, ಇನ್ನೊಂದಕ್ಕೆ ಮನೆಯ ಹತ್ತಿರ ವ್ಯಾಯಾಮ ಕೊಟ್ಟು ನೋಡಿದ್ದರು. ಆರು ತಿಂಗಳಿಗೆ ಇಬ್ಬರೂ ಒಂದೇ. ವರ್ಷ ಕಳೆದ ಮೇಲೆ ಮನೆಯ ಹತ್ತಿರ ನಡೆದವರೇ ಮುಂದಿದ್ದರು. ನಿಗದಿಯಾದ ಜಾಗಕ್ಕೆ ನಿಗದಿಯಾದ ಹೊತ್ತಿಗೆ ಹೋಗುವುದು ಎಲ್ಲರ ಸಂಸಾರಕ್ಕೂ ಒಗ್ಗುವುದಿಲ್ಲ. ಆದ್ದರಿಂದ ಗುಂಪು ಇರುವುದು ಲೆಕ್ಕ ಕೊಡುವುದಕ್ಕೆ, ಎಡವಿದ ವಾರ ಯಾಕೆ ಎಡವಿದೆ ಅಂತ ಮಾತಾಡುವುದಕ್ಕೆ. ನಡಿಗೆ ಮನೆಯ ಬಾಗಿಲಿನಿಂದಲೇ ಶುರುವಾಗಲಿ. ಗುಂಪಿನಲ್ಲೇ ಒಬ್ಬರನ್ನು ಜೊತೆ ಮಾಡಿಕೊಂಡು, ನಡೆದ ಮೇಲೆ ನಿಮಿಷದ ಅಂಕಿಯನ್ನು ಅವರಿಗೆ ಮೆಸೇಜು ಮಾಡು.

ಉಪದೇಶ ಹೆಚ್ಚಾಯಿತೇನೋ. ಆದರೂ ಇನ್ನೊಂದಿಷ್ಟು ಹೇಳಿಬಿಡುತ್ತೇನೆ, ಬೇಡವಾದರೆ ಬಿಡು. ಅರ್ಧ ಗಂಟೆ ಒಟ್ಟಿಗೆ ಸಿಗದಿದ್ದರೆ ಹತ್ತು ಹತ್ತು ನಿಮಿಷದ ಮೂರು ಸಲವೂ ಲೆಕ್ಕಕ್ಕೆ ಬರುತ್ತದೆ, ಊಟವಾದ ಮೇಲಿನ ಹತ್ತು ನಿಮಿಷ ಸಕ್ಕರೆಗೆ ಇನ್ನೂ ಒಳ್ಳೆಯದು. ವೇಗ ಹೇಗಿರಬೇಕೆಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ನಿಮಿಷಕ್ಕೆ ನೂರು ಹೆಜ್ಜೆ ಅಂತ ಇಟ್ಟುಕೊ. ಖಾಲಿಬಿಟ್ಟ ವಾರಗಳನ್ನು ಒಂದೇ ಸಲ ತುಂಬಿಸಲು ಹೋಗಿ ಮೊಣಕಾಲಿನ ಕೆಳಗಿನ ಮೂಳೆ ನೋಯಿಸಿಕೊಳ್ಳಬೇಡ. ಈ ವಾರ 90, ಮುಂದಿನ ವಾರ 120, ಆಮೇಲೆ 150. ಮಂಜು ಬಿದ್ದ ದಿನ ಹೊರಗೆ ಬೇಡ, ಮಾಲಿನೊಳಗೆ ನಡೆ. ಎದೆ ಬಿಗಿದರೆ, ತಲೆ ಸುತ್ತಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸು, ಅದರಲ್ಲಿ ಹಟ ಬೇಡ.

ಮತ್ತೆ, ನೀನು ಭಾರದ ವ್ಯಾಯಾಮ ಒಂದನ್ನೂ ಬರೆದಿಲ್ಲ. ಬರೀ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವಿನಂಥ ಕೊಬ್ಬಲ್ಲದ ಭಾಗವೇ ಹೋಗುತ್ತದೆ. ನಮ್ಮವರಲ್ಲಿ ಮೊದಲೇ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಜಾಸ್ತಿ. ಅದಕ್ಕೇ ಅಲ್ಲವೇ ಬೇರೆಯವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25 ಇದ್ದರೆ ತರಗತಿಗೆ ಸೇರಿಸಿಕೊಳ್ಳುವವರು ನಮಗೆ 23ಕ್ಕೇ ಸೇರಿಸಿಕೊಳ್ಳುವುದು. ವಾರಕ್ಕೆ ಎರಡು ದಿನ ಸಾಕು. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿಡು. ಅದರ ಅಂಚಿನಲ್ಲಿ ಕೂತು, ಪಾದಗಳನ್ನು ಮಂಡಿಗಿಂತ ಚೂರು ಹಿಂದಕ್ಕೆ ಎಳೆದುಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಕೈ ಊರದೆ ಎದ್ದು ನಿಲ್ಲು. ಕೂರುವಾಗ ಧಪ್ಪೆಂದು ಬೀಳಬಾರದು, ಮೂರು ಎಣಿಸುತ್ತಾ ಇಳಿ. ಏಳುವಾಗಿನಂತೆ ಇಳಿಯುವಾಗಲೂ ಸ್ನಾಯುವಿಗೆ ಕೆಲಸ ಬೀಳುತ್ತದೆ. ಮಂಡಿಗಳು ಒಳಕ್ಕೆ ವಾಲುತ್ತವೆ, ಹೆಂಗಸರಿಗೆ ಹೆಚ್ಚು. ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಲಿ. ಹತ್ತು ಸಲ, ಒಂದು ನಿಮಿಷ ಬಿಡುವು, ಮತ್ತೆ ಹತ್ತು. ಹಾಗೆಯೇ ಗೋಡೆಗೆ ಕೈಯೊತ್ತಿ ಬಗ್ಗಿ ಏಳುವುದು ಹತ್ತು ಹತ್ತು. ಸುಲಭವಾದ ಮೇಲೆ ಕೈಯಲ್ಲಿ ಎರಡು ನೀರಿನ ಬಾಟಲಿ ಹಿಡಿ.

ನಡಿಗೆಯ ನಿಜವಾದ ಕೆಲಸ ಎರಡನೇ ವರ್ಷದಲ್ಲಿ. ಇಳಿದ ತೂಕ ಮತ್ತೆ ಏರದಂತೆ ಹಿಡಿಯುವುದಕ್ಕೆ ವಾರಕ್ಕೆ 200ರಿಂದ 300 ನಿಮಿಷ ಬೇಕಾಗುತ್ತದೆ. ಈಗಲೇ ಅದನ್ನು ಲೆಕ್ಕಕ್ಕೆ ಹಿಡಿಯಬೇಡ, ಹೆದರಿಕೆಯಾಗುತ್ತದೆ. ಈಗ ಅಭ್ಯಾಸ ಉಳಿದರೆ ಆಗ ಕಾಲು ಹೆಚ್ಚು ನಡೆಯುತ್ತದೆ ಅಂತ ಮಾತ್ರ ಬರೆದೆ.

ಆ ಸಾಲಿಗೆ ಮತ್ತೆ ಬರುತ್ತೇನೆ, ಅದು ನನ್ನನ್ನು ಬಿಡುತ್ತಿಲ್ಲ. ನಿನ್ನ ಮೈ ಹೇಗಿದೆ ಅಂತ ತಿಳಿಯಬೇಕೆಂದರೆ ತಕ್ಕಡಿಯನ್ನು ಕೇಳಬೇಡ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸು. ಶುರುವಿನಲ್ಲಿ 6.1 ಇತ್ತು ಅಂತ ನೆನಪು. 5.7ರ ಕೆಳಗೆ ಬರಬೇಕೆಂದೇನೂ ಆತುರವಿಲ್ಲ, 5.9 ಬಂದರೂ ನನಗೆ ಸಂತೋಷವೇ. ಸೊಂಟದ ಸುತ್ತಳತೆಯನ್ನು ಹೊಕ್ಕಳಿನ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ, ತಿಂಗಳಿಗೊಮ್ಮೆ ಅಳೆ. ತೂಕ ನೋಡುವುದನ್ನು ಪೂರ್ತಿ ಬಿಡು ಅನ್ನುವುದಿಲ್ಲ. ನೋಡು, ಆದರೆ ದಿನದ ಅಂಕಿಯನ್ನು ನಂಬಬೇಡ, ವಾರದ ಸರಾಸರಿ ತೆಗೆ.

ಗುರುವಾರ ಗುಂಪಿಗೆ ಹೋಗು, ನಿಮಿಷ ಸೊನ್ನೆಯಾಗಿದ್ದರೂ ಹೋಗು. ಸೊನ್ನೆಯನ್ನು ಸೊನ್ನೆ ಅಂತಲೇ ಬರೆ. ಬಂದ ಮೇಲೆ ಆ ಪುಟದ ಫೋಟೋ ಕಳಿಸು, ತೂಕದ ಅಂಕಣವನ್ನು ಕೈಯಿಂದ ಮುಚ್ಚಿ ತೆಗೆದರೂ ಸರಿ, ನನಗೆ ನಿಮಿಷದ್ದು ಸಾಕು.

ನಿನ್ನ ಪ್ರೀತಿಯ
ಅತ್ತೆ